ಚಿಕ್ಕ ಚಕ್ರದ ಲೆಕ್ಕದಲ್ಲಿ ಆನೆಗೊಂದಿ–ಸಾಣಾಪುರ

ಸೈಕಲ್ ಕ್ಲಬ್ಬಿನ ಜೊತೆ ಮಕ್ಕಳು-ಮರಿ ಸಮೇತ ಕೊಪ್ಪಳ ಜಿಲ್ಲೆಯ ಆನೆಗೊಂದಿಯಿಂದ ಸಾಣಾಪುರದ ಕೆರೆಯವರೆಗೆ ಭಾನುವಾರದ ಸವಾರಿಗೆ ಹೊರಡುವಾಗ ಎಲ್ಲರೂ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಮೊದಲು ನೋಡಬೇಕಾದ್ದು ಗುಂಪಿನ ಅತಿ ಚಿಕ್ಕ ಚಕ್ರವನ್ನು. ಗೇರಿಲ್ಲದ 20 ಇಂಚಿನ ಮಕ್ಕಳ ಸೈಕಲ್ಲಿಗೆ ಮುಂದಿನ ಚೈನ್ ಚಕ್ರದಲ್ಲಿ 32, ಹಿಂದಿನದರಲ್ಲಿ 16 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತುಳಿದಾಗ ಅದು ಸಾಗುವುದು ಸುಮಾರು 3.1 ಮೀಟರ್. ದೊಡ್ಡವರ 26 ಇಂಚಿನ ಸೈಕಲ್ಲು 44 ಮತ್ತು 18 ಹಲ್ಲಿನಲ್ಲಿ ಅದೇ ಒಂದು ಸುತ್ತಿಗೆ 5 ಮೀಟರ್ ದಾಟುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಮಗುವಿನ ವೇಗ ಗಂಟೆಗೆ 11 ಕಿ.ಮೀ., ಅಪ್ಪನದು 18. ಮಗು ಸೋಮಾರಿಯಲ್ಲ, ಚಕ್ರ ಚಿಕ್ಕದು. ಇದನ್ನು ಮರೆತು ಮುಂದೆ ಹೋದ ಗುಂಪು ಅರ್ಧ ದಾರಿಯಲ್ಲಿ ಅಳುವ ಮಗುವನ್ನೂ ಸೈಕಲ್ಲನ್ನೂ ಯಾರದಾದರೂ ಟಂಟಂ ಆಟೋದಲ್ಲಿ ಹಾಕಿ ಕಳಿಸಬೇಕಾಗುತ್ತದೆ.

ಆದ್ದರಿಂದ ಗಂಗಾವತಿಯಿಂದಲೇ ತುಳಿಯುತ್ತ ಬರುವ ಹಟ ಬೇಡ. ಊರಿನ ಹೊರಗಿನ ಲಾರಿ, ಟ್ರ್ಯಾಕ್ಟರುಗಳ ನಡುವೆ ಆ ಹನ್ನೆರಡು-ಹದಿಮೂರು ಕಿ.ಮೀ. ಮಕ್ಕಳಿಗೆ ತಕ್ಕುದಲ್ಲ. ಸೈಕಲ್ಲುಗಳನ್ನು ವಾಹನದಲ್ಲಿ ಆನೆಗೊಂದಿಗೆ ತಂದು ಗಗನ ಮಹಲಿನ ಹತ್ತಿರದಿಂದ ಶುರು ಮಾಡಿ. ಅಲ್ಲಿಂದ ಪಶ್ಚಿಮಕ್ಕೆ ಪಂಪಾ ಸರೋವರದ ತಿರುವು, ಅಂಜನಾದ್ರಿ ಬೆಟ್ಟದ ಬುಡ, ಹನುಮನಹಳ್ಳಿ, ಸಾಣಾಪುರ, ಕೊನೆಗೆ ಕೆರೆ. ಒಂದು ಕಡೆಗೆ ಸುಮಾರು 8 ಕಿ.ಮೀ. ಒಂದು ಪಕ್ಕ ಭತ್ತದ ಗದ್ದೆ, ಬಾಳೆ ತೋಟ, ಇನ್ನೊಂದು ಪಕ್ಕ ಬಂಡೆಗುಡ್ಡ. ಸಾಣಾಪುರದವರೆಗೆ ದಾರಿ ಬಹುಮಟ್ಟಿಗೆ ಸಮತಟ್ಟು, ಏರು ಸಿಗುವುದು ಊರು ದಾಟಿ ಕೆರೆಯ ಕಡೆ ಹೊರಳಿದ ಮೇಲೆ. ಗೇರಿಲ್ಲದವರು ಅಲ್ಲಿ ಇಳಿದು ತಳ್ಳಲಿ.

ಎಲ್ಲಿಂದ ತಿರುಗಬೇಕು ಎಂಬುದನ್ನು ಗಡಿಯಾರ ನಿರ್ಧರಿಸಲಿ. 6.30ಕ್ಕೆ ಹೊರಟರೆ 8.15ಕ್ಕೆ ಎಲ್ಲಿದ್ದರೂ ತಿರುಗಿ. ಆ ಹೊತ್ತಿಗೆ ಅಂಜನಾದ್ರಿಯಷ್ಟೇ ಮುಟ್ಟಿದ್ದರೂ ದಿನ ಕೆಟ್ಟಿಲ್ಲ. 10ರ ಮೇಲೆ ಬಂಡೆಗಳು ಕಾಯತೊಡಗುತ್ತವೆ, ನೆರಳು ಕಡಿಮೆ. ನವೆಂಬರ್‌ನಿಂದ ಫೆಬ್ರವರಿ ಆರಂಭದವರೆಗೆ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಹೋಗುವಾಗ ಎದೆಗೇ ಬಡಿಯುತ್ತದೆ. ಶನಿವಾರ ಅಂಜನಾದ್ರಿಗೆ ಭಕ್ತರ ದಟ್ಟಣೆ, ಡಿಸೆಂಬರಿನ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಂತೂ ಆ ರಸ್ತೆಗೆ ಸೈಕಲ್ ತರುವ ಯೋಚನೆಯೇ ಬೇಡ. ಬೆಟ್ಟದ 575 ಮೆಟ್ಟಿಲು ಹತ್ತುವ ಆಸೆಯಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಮೆಟ್ಟಿಲಿಳಿದು ನಡುಗುವ ತೊಡೆಯಲ್ಲಿ ಪೆಡಲ್ ತುಳಿಯುವುದು ದೊಡ್ಡವರಿಗೇ ಕಷ್ಟ.

ಕಟಾವಿನ ತಿಂಗಳಲ್ಲಿ ರಸ್ತೆಯೇ ಕಣ. ಡಾಂಬರಿನ ಅರ್ಧ ಭಾಗಕ್ಕೆ ಭತ್ತ ಹರಡಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಕಾಳಿನ ಮೇಲೆ ಚಕ್ರ ಗೋಲಿಗುಂಡಿನ ಮೇಲೆ ಹೋದಂತೆ ಜಾರುತ್ತದೆ, ಬ್ರೇಕ್ ಹಿಡಿದರೆ ಬಿದ್ದಂತೆಯೇ. ಅದು ಒಬ್ಬರ ಬೆಳೆ ಎಂಬುದೂ ನೆನಪಿರಲಿ, ಇಳಿದು ಪಕ್ಕದಲ್ಲಿ ನಡೆಯಿರಿ. ಇದಕ್ಕಿಂತ ಕೆಟ್ಟದ್ದು ರಾಶಿ ಎತ್ತಿದ ಮೇಲೆ ಅಲ್ಲೇ ಉಳಿದ ಕಲ್ಲು. ಮುಂದಿನವರ ಹಿಂದಿನ ಚಕ್ರವನ್ನೇ ನೋಡುತ್ತ ಬರುವ ಮಗುವಿಗೆ ಅದು ಕಾಣುವುದಿಲ್ಲ. ಇಬ್ಬರ ನಡುವೆ ಎರಡು ಸೈಕಲ್ ಉದ್ದದ ಜಾಗ ಇರಲಿ, ಮುಂದಿನವರು "ಕಲ್ಲು" ಎಂದು ಕೂಗಲಿ, ಹಿಂದಿನವರು ಅದನ್ನೇ ಹಿಂದಕ್ಕೆ ದಾಟಿಸಲಿ.

ಇನ್ನು ಪಂಕ್ಚರ್. ಈ ಭಾಗದ ಸವಾರಿ ಹಾಳಾದರೆ ಬಹಳ ಸಲ ಕಾರಣ ಇದೇ. ಇಲ್ಲಿ ಎರಡು ಬಗೆಯ ಮುಳ್ಳು. ಬಳ್ಳಾರಿ ಜಾಲಿಯ ಉದ್ದ ಮುಳ್ಳು ಬೇಲಿಗೋ ಉರುವಲಿಗೋ ಒಯ್ಯುವ ಕೊಂಬೆಗಳಿಂದ ರಸ್ತೆಯ ಅಂಚಿಗೆ ಬೀಳುತ್ತದೆ. ನೆಗ್ಗಿಲು ಮುಳ್ಳು ನೆಲಕ್ಕೆ ಹಬ್ಬಿದ ಬಳ್ಳಿಯದು, ಡಾಂಬರು ಬಿಟ್ಟು ಪಕ್ಕದ ಮಣ್ಣಿಗೆ ಇಳಿದ ತಕ್ಷಣ ಐದಾರು ಒಟ್ಟಿಗೆ ಅಂಟಿಕೊಳ್ಳುತ್ತವೆ. ಫೋಟೋಗಾಗಿ ಸೈಕಲ್ಲನ್ನು ಗುಡ್ಡದ ಬುಡಕ್ಕೆ ತಳ್ಳಿಕೊಂಡು ಹೋಗುವವರ ಟೈರಿಗೆ ಸಿಗುವುದು ಇವೇ. ನಿಲ್ಲುವುದಿದ್ದರೆ ಡಾಂಬರಿನ ಅಂಚಿನಲ್ಲೋ ಬರಿ ಬಂಡೆಯ ಮೇಲೋ ನಿಲ್ಲಿಸಿ. ಮಣ್ಣಿಗೆ ಹೋಗಲೇಬೇಕಾದರೆ ಎತ್ತಿಕೊಂಡು ಹೋಗಿ.

ಮುಳ್ಳು ಹೊಕ್ಕಿದ್ದು ಕಂಡ ಕೂಡಲೇ ಕೀಳಬೇಡಿ. ಟ್ಯೂಬಿನ ಗಾಳಿ ಹೋಗದೆ ನಿಂತಿದ್ದರೆ ಆ ಮುಳ್ಳೇ ಬಿರಡೆಯಾಗಿರುತ್ತದೆ, ಹತ್ತಿರದ ನೆರಳಿನವರೆಗೆ ಹೋಗಬಹುದು. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಭಾಗದಲ್ಲಿ ಬಟ್ಟೆಯೊಂದನ್ನು ಪೂರ್ತಿ ಎರಡು ಸುತ್ತು ಎಳೆಯಿರಿ. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಉಳಿದಿದ್ದರೆ ಬಟ್ಟೆಯ ನೂಲು ಸಿಕ್ಕಿಕೊಂಡು ತೋರಿಸುತ್ತದೆ, ಬೆರಳಲ್ಲಿ ಹುಡುಕಿದರೆ ರಕ್ತ. ಆ ತುದಿ ತೆಗೆಯದೆ ಹೊಸ ಟ್ಯೂಬ್ ಹಾಕಿದವರು ಎರಡು ಕಿ.ಮೀ. ಒಳಗೆ ಮತ್ತೆ ನಿಲ್ಲುತ್ತಾರೆ. ಪ್ಯಾಚ್ ಹಾಕುವಾಗ ಪ್ಯಾಚಿಗಿಂತ ಅಗಲವಾಗಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗುವವರೆಗೆ ನಾಲ್ಕೈದು ನಿಮಿಷ ಬಿಡಿ. ಹಸಿಯಿದ್ದಾಗಲೇ ಅಂಟಿಸುವ ಅವಸರದಿಂದ ಏಳುವ ಪ್ಯಾಚುಗಳೇ ಹೆಚ್ಚು. ದಾರಿಯಲ್ಲಿ ಟ್ಯೂಬ್ ಬದಲಿಸಿ, ಪ್ಯಾಚ್ ಕೆಲಸ ಮನೆಗಿರಲಿ.

ಪ್ರತಿ ಚಕ್ರದ ಅಳತೆಗೂ ಒಂದೊಂದು ಟ್ಯೂಬ್ ಮನೆಯಿಂದಲೇ ಬರಬೇಕು: 20, 24, 26 ಇಂಚು, ರೋಡ್ ಸೈಕಲ್ಲಿನ 700ಸಿ, ಯಾವುದಿದೆಯೋ ಅದು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಬೈಕಿನ ದಪ್ಪ ವಾಲ್ವಿಗೂ ಹಳೇ ಅಟ್ಲಾಸ್ ಮಾದರಿಯ ವಾಲ್ವಿಗೂ ಗಾಳಿ ಸಿಗುತ್ತದೆ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಬೇಕು, ಅಗ್ಗದ ಆ ತುಣುಕಿಲ್ಲದೆ ಮೂವತ್ತು ಸಾವಿರದ ಸೈಕಲ್ಲು ನಿಲ್ಲುತ್ತದೆ. ಕಂಪ್ರೆಸರಿನಿಂದ ನೇರ ಗಾಳಿ ತುಂಬಿಸುವಾಗ ತಡೆದು ತಡೆದು ತುಂಬಿಸಲು ಹೇಳಿ, ಸೈಕಲ್ ಟ್ಯೂಬ್ ಕ್ಷಣದಲ್ಲಿ ಸಿಡಿಯುತ್ತದೆ. ಅಗಲ ಟೈರಿನ ಎಂಟಿಬಿಗೆ (ಗುಡ್ಡಗಾಡಿನ ಸೈಕಲ್ಲಿಗೆ) ಗಾಳಿಯ ಒತ್ತಡ 40 ಪಿಎಸ್‌ಐ ಆಸುಪಾಸು, ಮಕ್ಕಳ 20 ಇಂಚಿಗೆ 30ರಿಂದ 35 ಸಾಕು. ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಮಿತಿಯನ್ನು ದಾಟಬಾರದು.

ಹಿಂದಿನ ಸಂಜೆ ಮಕ್ಕಳ ಬ್ರೇಕ್ ನೋಡಿ. ಲಿವರ್ ಹ್ಯಾಂಡಲ್ಲಿಗೆ ತಾಗುವಷ್ಟು ಒಳಗೆ ಬಂದರೆ ಕೇಬಲ್ ಸಡಿಲವಾಗಿದೆ. ಮಗುವಿನ ಬೆರಳಿಗೆ ಲಿವರ್ ಎಟುಕದಿದ್ದರೆ ಅದರ ಬುಡದ ಸಣ್ಣ ಸ್ಕ್ರೂ ಬಿಗಿದು ಹತ್ತಿರ ತರಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಕೆರೆಯಿಂದ ಇಳಿಯುವಾಗ ಬಲಗೈ ಒಂದನ್ನೇ ಜೋರಾಗಿ ಹಿಂಡಿದ ಮಗು ಮುಗ್ಗರಿಸುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪವಾಗಿ, ಇಳಿಜಾರು ಶುರುವಾಗುವ ಮೊದಲೇ ಹಿಡಿಯಲು ಮನೆಯ ಮುಂದೆಯೇ ಅಭ್ಯಾಸ ಮಾಡಿಸಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ಹೋಗಲಿ.

ಕ್ಲಬ್ಬಿನವರ ವಾಡಿಕೆಗಳಲ್ಲಿ ಮುಖ್ಯವಾದದ್ದು ಮುಂದೊಬ್ಬ, ಹಿಂದೊಬ್ಬ. ಮುಂದಿನವನನ್ನು ಯಾರೂ ದಾಟುವಂತಿಲ್ಲ, ಪಂಪು-ಟ್ಯೂಬು ಹಿಂದಿನವನ ಬಳಿ ಇರಬೇಕು. ಅತಿ ಚಿಕ್ಕ ಸವಾರ ಮುಂದಿನವನ ಬೆನ್ನಿಗೇ ಇದ್ದರೆ ಗುಂಪಿನ ವೇಗ ತಾನಾಗಿ ಸರಿಹೋಗುತ್ತದೆ. ತಂದೆತಾಯಿ ಮಗುವಿನ ಹಿಂದೆ, ಒಂದು ಮೊಳ ಬಲಕ್ಕೆ ಇರಲಿ. ಹನುಮನಹಳ್ಳಿ ಸುತ್ತಮುತ್ತ ಸೈಕಲ್ ಬಾಡಿಗೆಗೆ ಸಿಗುತ್ತವೆ, ಆದರೆ ಮಕ್ಕಳ ಅಳತೆಯದನ್ನು ನಂಬಿ ಬರಬೇಡಿ.

ಸಾಣಾಪುರದ್ದು ಹೆಸರಿಗೆ ಕೆರೆ, ನಿಜಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಜಲಾಶಯ. ಮೇಲೆ ಶಾಂತ, ಒಳಗೆ ಆಳ, ಅಲ್ಲಲ್ಲಿ ಸೆಳೆತ. ನದಿಯಲ್ಲಿ ಮೊಸಳೆಗಳಿವೆ. ಬೆವರಿದ ಮಕ್ಕಳು ಕಾಲಾದರೂ ಇಳಿಬಿಡುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ಚಿರತೆ, ಕರಡಿ ಓಡಾಡುವ ಗುಡ್ಡಗಳಾದ್ದರಿಂದ ಮಸುಕು ಬೆಳಕಿನ ಸವಾರಿಯೂ ಬೇಡ.

ನೀರು ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರ್, ಮಕ್ಕಳಿಗೆ ಹದಿನೈದು ನಿಮಿಷಕ್ಕೊಮ್ಮೆ ಕೆಲವು ಗುಟುಕು, ಕೇಳದಿದ್ದರೂ. ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಅರ್ಧ ಲೀಟರಿನ ಬಾಟಲಿಗೆ ಸುರಿಯಬೇಡಿ, ಗಟ್ಟಿಯಾದರೆ ಹೊಟ್ಟೆ ಕೆಡಿಸುತ್ತದೆ. ಹೋಗುವಾಗ ಬಾಳೆಹಣ್ಣು, ಶೇಂಗಾ ಚಿಕ್ಕಿ ಸಾಕು. ಒಗ್ಗರಣಿ-ಮಿರ್ಚಿ ತಿರುಗಿ ಬಂದು ಆನೆಗೊಂದಿ ಮುಟ್ಟಿದ ಮೇಲೆ. ಬಿಸಿ ಮಿರ್ಚಿ ತಿಂದು ಏರು ಹತ್ತಿದವರ ಗತಿ ಕ್ಲಬ್ಬಿನ ಹಳಬರಿಗೆಲ್ಲ ಗೊತ್ತು.

ವಾಹನಕ್ಕೆ ಏರಿಸುವ ಮುನ್ನ ಪ್ರತಿ ಚಕ್ರವನ್ನೂ ನಿಧಾನ ತಿರುಗಿಸಿ, ಟೈರಿಗೆ ಚುಚ್ಚಿಕೊಂಡ ನೆಗ್ಗಿಲನ್ನು ಇಕ್ಕಳದಲ್ಲಿ ತೆಗೆಯಿರಿ. ಬುಸ್ಸೆಂದರೆ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಮನೆಯಲ್ಲಿ ತೂತು ಹುಡುಕುವ ಕೆಲಸ ತಪ್ಪುತ್ತದೆ.