ಕ, ಕ, ವ: ಒಂದು ಮಣ್ಣಿನ ಪಾತ್ರೆಯ ಮೇಲಿನ ಅಕ್ಷರಗಳು

ಗ್ವಾಟೆಮಾಲದ ಈಶಾನ್ಯ ಮೂಲೆಯ ಕಾಡಿನಲ್ಲಿ ರಿಯೊ ಅಸುಲ್ ಎಂಬ ಮಾಯಾ ಪಾಳುನಗರವಿದೆ. ಅಲ್ಲಿಯ ಸಮಾಧಿಯೊಂದರಲ್ಲಿ 1984ರಲ್ಲಿ ಸುಮಾರು 1,500 ವರ್ಷ ಹಳೆಯದಾದ ಒಂದು ಮಣ್ಣಿನ ಪಾತ್ರೆ ಸಿಕ್ಕಿತು. ಅದಕ್ಕೆ ಹಿಡಿಕೆಯಿತ್ತು, ತಿರುಗಿಸಿ ಬಿಗಿಮಾಡುವ ಮುಚ್ಚಳವಿತ್ತು, ಮೈಮೇಲೆ ಬಣ್ಣದಲ್ಲಿ ಬರೆದ ಚಿಹ್ನೆಗಳಿದ್ದವು. ಆ ಚಿಹ್ನೆಗಳ ಒಂದು ಗುಂಪನ್ನು ಲಿಪಿತಜ್ಞ ಡೇವಿಡ್ ಸ್ಟುವರ್ಟ್ ‘ಕ-ಕ-ವ’ ಎಂದು ಓದಿದರು. ಕೊನೆಯ ಸ್ವರವನ್ನು ಬಿಟ್ಟರೆ ಅದು ‘ಕಕವ್’, ಅಂದರೆ ಕೋಕೋ. ಪಾತ್ರೆಯೊಳಗೆ ಅಂಟಿಕೊಂಡಿದ್ದ ಶೇಷವನ್ನು ಹರ್ಶೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕೋಕೋದ ಅಂಶಗಳೇ ಕಂಡುಬಂದವು.

ಮಾಯಾ ಜನರ ಪಿರಮಿಡ್ಡುಗಳ ಬಗ್ಗೆ, ಪಂಚಾಂಗದ ಬಗ್ಗೆ, ಸೊನ್ನೆಗೆ ಅವರು ಬಳಸುತ್ತಿದ್ದ ಚಿಪ್ಪಿನ ಗುರುತಿನ ಬಗ್ಗೆ ನಮ್ಮಲ್ಲಿ ಅನೇಕರು ಓದಿರುತ್ತಾರೆ. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವುದು ಅವರ ಲಿಪಿ. ಅದರಲ್ಲಿ ಇಡೀ ಪದವನ್ನು ಸೂಚಿಸುವ ಚಿಹ್ನೆಗಳೂ ಇವೆ, ಒಂದು ವ್ಯಂಜನಕ್ಕೆ ಒಂದು ಸ್ವರ ಸೇರಿದ ಅಕ್ಷರದ ಚಿಹ್ನೆಗಳೂ ಇವೆ. ಕ, ಕು, ಬೆ, ಲು ಎಂದು ಕಾಗುಣಿತ ಬರೆದು ಬೆಳೆದ ನಮಗೆ ಈ ಎರಡನೆಯ ಬಗೆ ಹೊಸದೆನಿಸುವುದಿಲ್ಲ. ಆದರೆ ಯುರೋಪಿನವರು ಅದನ್ನು ಗುರುತಿಸಲು ಸುಮಾರು 400 ವರ್ಷ ಬೇಕಾಯಿತು.

ಮೆಕ್ಸಿಕೋದ ಯುಕಾತಾನದ ಮನಿ ಎಂಬ ಊರಿನಲ್ಲಿ 1562ರ ಜುಲೈ ತಿಂಗಳಿನಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ ಸ್ಪ್ಯಾನಿಷ್ ಪಾದ್ರಿ ಡಿಯೆಗೊ ದೆ ಲಾಂಡಾ, ಮುಂದೆ ಅದೇ ಲಿಪಿಯ ‘ವರ್ಣಮಾಲೆ’ಯನ್ನು ಬರೆದಿಡಲು ಹೊರಟ. ಅವನು ಸ್ಪ್ಯಾನಿಷ್ ಅಕ್ಷರಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದ. ಮಾಯಾ ಲಿಪಿಕಾರನು ಕಿವಿಗೆ ಬಿದ್ದ ಉಚ್ಚಾರಕ್ಕೆ ತಕ್ಕ ಚಿಹ್ನೆಯನ್ನು ಬರೆಯುತ್ತ ಹೋದ. ‘ಬೆ’ ಎಂದಾಗ ಅವನು ಹೆಜ್ಜೆಗುರುತಿರುವ ಚಿಹ್ನೆಯನ್ನು ಬರೆದ, ಏಕೆಂದರೆ ಅವನ ನುಡಿಯಲ್ಲಿ ‘ಬೆ’ ಎಂದರೆ ದಾರಿ. ಕೊನೆಗೆ ಒಂದು ವಾಕ್ಯವನ್ನು ಬರೆಯಲು ಹೇಳಿದಾಗ ಅವನು ಬರೆದದ್ದು ‘ಮಾ ಇನ್ ಕತಿ’, ಅಂದರೆ ‘ನನಗೆ ಇಷ್ಟವಿಲ್ಲ’. ಪುಸ್ತಕಗಳು ಬೂದಿಯಾದುದನ್ನು ಕಂಡ ಜನಾಂಗದವನೊಬ್ಬನ ಈ ಮಾತನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಇಂದು ಉಳಿದಿರುವುದು ನಾಲ್ಕೇ ಪುಸ್ತಕಗಳು.

ಲಾಂಡಾ ಬಿಟ್ಟುಹೋದ ಪಟ್ಟಿಯನ್ನು ಬಹುಮಂದಿ ವಿದ್ವಾಂಸರು ನಿರುಪಯುಕ್ತವೆಂದು ಬದಿಗಿಟ್ಟಿದ್ದರು. ಲೆನಿನ್‌ಗ್ರಾಡಿನ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ ಅದನ್ನು ವ್ಯಂಜನಕ್ಕೆ ಸ್ವರ ಸೇರಿದ ಅಕ್ಷರಗಳ ಪಟ್ಟಿಯಾಗಿ ಓದಿದರು. ಡ್ರೆಸ್ಡೆನ್ ನಗರದಲ್ಲಿರುವ ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆಗಳಿದ್ದವು. ಮೊದಲನೆಯದು ಲಾಂಡಾ ಕೊಟ್ಟ ‘ಕು’. ಟರ್ಕಿ ಕೋಳಿಗೆ ಮಾಯಾ ಹೆಸರು ‘ಕುತ್ಸ್’ ಆದುದರಿಂದ ಎರಡನೆಯದು ‘ತ್ಸು’ ಆಗಿರಬೇಕೆಂದು ಅವರು ತರ್ಕಿಸಿದರು. ನಾಯಿಯ ಚಿತ್ರದ ಮೇಲೆ ಅದೇ ‘ತ್ಸು’ ಮೊದಲು ಬಂದು, ಅದರ ಮುಂದೆ ‘ಲು’ ಇತ್ತು: ‘ತ್ಸುಲ್’, ಅಂದರೆ ನಾಯಿ. ವ್ಯಂಜನದಲ್ಲಿ ಮುಗಿಯುವ ಪದಗಳನ್ನು ಬರೆಯಲು ಮಾಯಾ ಲಿಪಿಕಾರರು ಸಾಮಾನ್ಯವಾಗಿ ಹಿಂದಿನ ಸ್ವರವನ್ನೇ ಪ್ರತಿಧ್ವನಿಸುವ ಅಕ್ಷರವೊಂದನ್ನು ಕೊನೆಗೆ ಇಡುತ್ತಿದ್ದರು, ಆ ಸ್ವರವನ್ನು ಉಚ್ಚರಿಸುತ್ತಿರಲಿಲ್ಲ. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ‘ಬಸ್’ ‘ಬಸ್ಸು’ ಆಯಿತು. ನಾವು ಮಾತಿನಲ್ಲಿ ಸೇರಿಸಿಕೊಂಡ ಸ್ವರವನ್ನು ಅವರು ಬರಹದಲ್ಲಿ ಮಾತ್ರ ಸೇರಿಸಿದರು.

ಅದೇ 1952ರಲ್ಲಿ ಮೆಕ್ಸಿಕೋದ ಪಲೆಂಕೆಯಲ್ಲಿ ಪುರಾತತ್ತ್ವಜ್ಞ ಆಲ್ಬರ್ಟೊ ರೂಸ್ ಪಿರಮಿಡ್ಡಿನ ಒಳಗಿನ ಸಮಾಧಿಯೊಂದನ್ನು ತೆರೆದರು, ಆದರೆ ಒಳಗೆ ಮಲಗಿದ್ದವನ ಹೆಸರನ್ನು ಆಗ ಯಾರೂ ಓದಲಾರದವರಾಗಿದ್ದರು. ಶಾಸನಗಳಲ್ಲಿ ರಾಜರ ಬದುಕಿನ ಚರಿತ್ರೆಯಿದೆ ಎಂದು 1960ರಲ್ಲಿ ವಿದ್ವಾಂಸೆ ತತಿಯಾನಾ ಪ್ರೊಸ್ಕುರಿಯಾಕೊಫ್ ತೋರಿಸಿಕೊಟ್ಟ ಮೇಲೆ ದಾರಿ ತೆರೆಯಿತು. ಆ ಸಮಾಧಿಯಲ್ಲಿದ್ದವನು 615ರಲ್ಲಿ, 12ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು 683ರವರೆಗೆ ಆಳಿದ ಪಕಲ್. ಪಕಲ್ ಎಂದರೆ ಗುರಾಣಿ. ಲಿಪಿಕಾರರು ಆ ಹೆಸರನ್ನು ಕೆಲವೆಡೆ ಗುರಾಣಿಯ ಚಿತ್ರವಾಗಿ, ಕೆಲವೆಡೆ ‘ಪ-ಕ-ಲ’ ಎಂದು ಬಿಡಿಸಿ, ಇನ್ನು ಕೆಲವೆಡೆ ಗುರಾಣಿಯ ಜೊತೆಗೆ ‘ಲ’ ಸೇರಿಸಿ ಬರೆದಿದ್ದಾರೆ.

1980ರ ದಶಕದ ಕೊನೆಯಿಂದ ಲಿಂಡಾ ಶೀಲ್ ಮೊದಲಾದ ವಿದ್ವಾಂಸರು ಗ್ವಾಟೆಮಾಲದ ಮಾಯಾ ಜನರಿಗೆ ಈ ಲಿಪಿಯನ್ನು ಕಲಿಸಲು ಶಿಬಿರಗಳನ್ನು ನಡೆಸಿದರು. ಸುಮಾರು 30 ಮಾಯಾ ಭಾಷೆಗಳು ಇಂದಿಗೂ ಜನರ ಬಾಯಲ್ಲಿವೆ, ಮತ್ತು ಅವುಗಳನ್ನಾಡುವ ಕೆಲವರು ತಮ್ಮ ಹೆಸರನ್ನು ಮತ್ತೆ ಪೂರ್ವಜರ ಅಕ್ಷರಗಳಲ್ಲಿ ಬರೆಯುತ್ತಿದ್ದಾರೆ.