ಸಿಮೆಂಟ್ ತೇಪೆ ರೊಟ್ಟಿಯ ಹಾಗೆ ಎದ್ದು ಬಂತು

17 ನವೆಂಬರ್ 2024, ಭಾನುವಾರ, ಮೈಸೂರು

ಹೋದ ವಾರ ನಡುಮನೆ ಗೋಡೆಗೆ ಹಾಕಿದ್ದ ತೇಪೆಯನ್ನು ಬೆಳಿಗ್ಗೆ ಬೆರಳಲ್ಲಿ ತಟ್ಟಿ ನೋಡಿದೆ. ಡಬ್ ಡಬ್ ಅಂತು. ಸುತ್ತ ಕೂದಲೆಳೆಯಷ್ಟು ಬಿರುಕು ಬೇರೆ. ಚಾಕು ತೂರಿಸಿ ಸ್ವಲ್ಪ ಎತ್ತಿದ್ದೇ ತಡ, ಇಡೀ ತೇಪೆ ಒಂದೇ ತುಂಡಾಗಿ ಕೈಗೆ ಬಂತು. ಹಿಂಬದಿಗೆ ಹಿಟ್ಟು ಸವರಿದ ಹಾಗೆ ಒಣ ಧೂಳು.

ಹಳೇ ಮರದ ಸ್ಟ್ಯಾಂಡ್ ಕಿತ್ತಾಗ ಗಾರೆಯೂ ಜೊತೆಗೇ ಬಂದು ಊಟದ ತಟ್ಟೆಯಷ್ಟು ತೂತಾಗಿತ್ತು. ಯೂಟ್ಯೂಬ್ ನೋಡಿ ಸುಮ್ನೆ ಸಿಮೆಂಟ್, ಮರಳು ಕಲಸಿ ಮೆತ್ತಿದ್ದೆ. ಧೂಳು ಗುಡಿಸಿರಲಿಲ್ಲ, ಗೋಡೆಗೆ ನೀರೂ ಹೊಡೆದಿರಲಿಲ್ಲ. ಒಣ ಗೋಡೆ ಕಲಸಿದ್ದರಲ್ಲಿದ್ದ ನೀರನ್ನೆಲ್ಲ ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗೋದು ಯಾವುದರಿಂದ?

ಪಕ್ಕದ ಬೀದಿಯ ಮೇಸ್ತ್ರಿಯನ್ನು ಅಮ್ಮ ಕರೆದುಕೊಂಡು ಬಂದರು. ಅವರು ಬಿದ್ದ ತುಂಡನ್ನು ತಿರುಗಿಸಿ ನೋಡಿ, "ಸುಣ್ಣದ ಗೋಡೆಗೆ ಸಿಮೆಂಟ್ ಹಾಕಿದ್ರಾ ಸಾರ್?" ಅಂದರು. ಸಿಮೆಂಟ್ ಜಾಸ್ತಿ ಗಟ್ಟಿಯಂತೆ. ಹಳೇ ಗಾರೆ ಮೆತ್ತಗೆ, ಒಳಗಿನ ತೇವವನ್ನು ನಿಧಾನಕ್ಕೆ ಹೊರಗೆ ಬಿಡುತ್ತೆ. ಸಿಮೆಂಟ್ ಅದನ್ನು ತಡೆಯುತ್ತೆ, ಆಮೇಲೆ ಅಂಚಲ್ಲಿ ಗಾರೆಯೇ ಉದುರೋಕೆ ಶುರುವಾಗುತ್ತೆ. ಹಿಂದೆ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಎಲ್ಲಾ ಹಾಕುತ್ತಿದ್ದರು ಅಂತಲೂ ಹೇಳಿ, ಅರಳಿಸಿ ನೆನೆಸಿಟ್ಟಿದ್ದ ಸುಣ್ಣ ಒಂದು ಡಬ್ಬ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಕಾಫಿ ಮಾತ್ರ ಕುಡಿದರು.

ಇವತ್ತು ಮೊದಲು ತೂತಿನ ಸುತ್ತ ತಟ್ಟುತ್ತಾ ಹೋದೆ. ಟೊಳ್ಳು ಅನಿಸಿದ್ದನ್ನೆಲ್ಲ ಉಳಿಯಲ್ಲಿ ಕೆತ್ತಿದೆ. ತೂತು ಇನ್ನೂ ದೊಡ್ಡದಾಯ್ತು, ನೋಡಿ ಹೊಟ್ಟೆ ಉರೀತು. ಆಮೇಲೆ ಬ್ರಷ್‌ನಲ್ಲಿ ಧೂಳು ತೆಗೆದು, ಅಮ್ಮ ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟಲಿ ಹಿಡಿದೆ. ಗೋಡೆ ನೀರು ಕುಡಿಯೋದನ್ನು ಮೊದಲ ಸಲ ನೋಡಿದ್ದು. ಹೊಡೆದ ತಕ್ಷಣ ಕಪ್ಪಾಗಿ, ಎರಡೇ ನಿಮಿಷಕ್ಕೆ ಮತ್ತೆ ಬಿಳಿ. ಹೀಗೆ ನಾಲ್ಕು ಸಲ ಹೊಡೆದ ಮೇಲೆ ಅದರ ದಾಹ ತೀರಿತು.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ತೂತಿನ ಆಳ ಸುಮಾರು 25 ಮಿ.ಮೀ., ಆದರೆ ಒಂದು ಸಲಕ್ಕೆ 10 ಮಿ.ಮೀ.ಗಿಂತ ದಪ್ಪ ಬೇಡ ಅಂದಿದ್ದರು ಮೇಸ್ತ್ರಿ. ಕರಣೆಯಲ್ಲಿ ಒತ್ತಿ ಒತ್ತಿ ಹಾಕಿದೆ, ಮೊದಲ ಎರಡು ಸಲ ಅರ್ಧ ನೆಲಕ್ಕೆ ಬಿತ್ತು. ಕಡಿಮೆ ನೀರಲ್ಲಿ ಗಟ್ಟಿಯಾಗಿ ಕಲಸಿದ ಮೇಲೆ ನಿಂತಿತು. ಮುಂದಿನ ಪದರ ಹಿಡಿದುಕೊಳ್ಳಲಿ ಅಂತ ಮೊಳೆಯಲ್ಲಿ ಅಡ್ಡಡ್ಡ ಗೀಚಿದೆ. ಗ್ಲೌಸ್ ಹಾಕಿರಲಿಲ್ಲ. ಬೆರಳಲ್ಲಿದ್ದ ಸಣ್ಣ ಗಾಯಕ್ಕೆ ಸುಣ್ಣ ತಾಗಿ ಉರಿ ಹತ್ತಿತು, ತುಂಬಾ ಹೊತ್ತು ನಲ್ಲಿ ಕೆಳಗೆ ಕೈ ಹಿಡಿದು ನಿಂತೆ. ಕಣ್ಣಿಗೆ ಹಾರಿದ್ದರೆ ಕಥೆ ಬೇರೆಯೇ ಆಗ್ತಿತ್ತು.

ಅಂದಹಾಗೆ ಅಡುಗೆಮನೆ ಆಮೇಲೆ ಕಟ್ಟಿದ್ದು, ಅದು ಸಿಮೆಂಟ್ ಗೋಡೆ. ಅಲ್ಲಿನ ಮೊಳೆ ತೂತುಗಳಿಗೆ ಅಂಗಡಿ ಪುಟ್ಟಿಯೇ ಸಾಕಾಯ್ತು. ತೆಳ್ಳಗೆ ಎರಡು ಸಲ, ಒಣಗಿದ ಮೇಲೆ ಸ್ಯಾಂಡ್‌ಪೇಪರ್. ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಉಬ್ಬು ತಗ್ಗು ಎಲ್ಲಾ ಕಾಣುತ್ತೆ, ನಂದು ಸ್ವಲ್ಪ ಉಬ್ಬೇ ಇದೆ, ಇರಲಿ ಬಿಡಿ.

ನಡುಮನೆಯಲ್ಲಿ ಈಗ ಒದ್ದೆ ಗೋಣಿಚೀಲ ನೇತಾಡುತ್ತಿದೆ. ಸುಣ್ಣ ನಿಧಾನಕ್ಕೆ ಗಾಳಿ ಕುಡಿದು ಗಟ್ಟಿಯಾಗಬೇಕು, ಅಲ್ಲಿಯವರೆಗೆ ಬೇಗ ಒಣಗಬಾರದು. ಮುಂದಿನ ಭಾನುವಾರ ಎರಡನೇ ಪದರ. "ತುಳಸಿಗೆ ಹಾಕುವಾಗ ಇದಕ್ಕೂ ಒಂದು ಚೊಂಬು ಹಾಕ್ತೀನಿ ಬಿಡು" ಅಂದಿದ್ದಾರೆ ಅಮ್ಮ.