ಹೊಟ್ಟೆ ಮುಚ್ಚದೆ ಹೊರಬಂದ ರಾತ್ರಿ

ಜನರಲ್ ಸರ್ಜರಿ ಮುಗಿಸಿದವರಿಗೆ ಟ್ರಾಮಾ ಮತ್ತು ಎಮರ್ಜೆನ್ಸಿ ಸರ್ಜರಿಯಲ್ಲಿ ಮತ್ತೆ ಫೆಲೋಶಿಪ್ ಯಾಕೆ ಎಂದು ತುಂಬ ಜನ ಕೇಳುತ್ತಾರೆ. ಕರುಳು ಜೋಡಿಸುವುದು, ಸ್ಪ್ಲೀನ್ ತೆಗೆಯುವುದು ಮೊದಲೇ ಗೊತ್ತಿರುತ್ತದಲ್ವಾ? ಗೊತ್ತಿರುತ್ತದೆ. ಆದರೆ ಅದನ್ನೆಲ್ಲ ಯಾವಾಗ ಮಾಡಬಾರದು ಎಂಬುದು ನನಗೆ ಮನದಟ್ಟಾದದ್ದು ಫೆಲೋಶಿಪ್‌ನ ಒಂದು ನೈಟ್ ಡ್ಯೂಟಿಯಲ್ಲಿ.

ಬೈಕಿನಿಂದ ಬಿದ್ದ ಹುಡುಗನನ್ನು ಕರೆತಂದಾಗ ಬಿಪಿ 70ರ ಹತ್ತಿರ ಇತ್ತು. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟ ಕೂಡಲೇ ಲಿವರ್ ಪಕ್ಕ ಕಪ್ಪು ಪಟ್ಟಿ ಕಂಡಿತು. ಅದು ರಕ್ತ. ಸಿಟಿ ಸ್ಕ್ಯಾನ್‌ಗೆ ಕಳಿಸುವಷ್ಟು ಹೊತ್ತು ಇರಲಿಲ್ಲ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಆಗಲೇ ಕೊಟ್ಟಾಗಿತ್ತು. ಗಾಯವಾದ 3 ಗಂಟೆಯೊಳಗೆ ಕೊಟ್ಟರೇ ಅದರಿಂದ ಉಪಯೋಗ. ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಸಮಸಮವಾಗಿ ಕೊಡುತ್ತಲೇ ಥಿಯೇಟರಿಗೆ ಓಡಿದೆವು.

ಅಲ್ಲಿ ಎಸಿ ಆರಿಸಿದ್ದರು. ನಮಗೆ ಬೆವರು ಇಳಿಯುತ್ತಿತ್ತು, ಹುಡುಗನ ಮೈ ಮಾತ್ರ ತಣ್ಣಗೆ. ಹೊಟ್ಟೆ ತೆರೆದು ನಾಲ್ಕೂ ಮೂಲೆಗೆ ಮಾಪ್, ಅಂದರೆ ರಕ್ತ ಹೀರುವ ಬಟ್ಟೆ, ತುಂಬಿದೆ. ಲಿವರಿನ ಬಲಭಾಗ ಆಳವಾಗಿ ಸೀಳಿತ್ತು. ಅದಕ್ಕೆ ರಕ್ತ ಒಯ್ಯುವ ನಾಳಗಳನ್ನು ಬೆರಳಲ್ಲಿ ಅದುಮಿ ಹಿಡಿದೆ. ಪ್ರಿಂಗಲ್ ಎಂಬ ಸರ್ಜನ್ 1908ರಲ್ಲಿ ಬರೆದ ಉಪಾಯ ಅದು, ಇಂದಿಗೂ ಕೈಗೆ ಮೊದಲು ಬರುವುದು ಅದೇ. ರಕ್ತ ಸುರಿಯುವುದು ಕಡಿಮೆಯಾಯಿತು. ಲಿವರ್ ಸುತ್ತ ಬಿಗಿಯಾಗಿ ಪ್ಯಾಕ್ ಮಾಡಿದ ಮೇಲೆ ನೋಡಿದರೆ ಸಣ್ಣ ಕರುಳೂ ಹರಿದಿತ್ತು.

ಸೀನಿಯರ್ ಎದುರಿಗೇ ಇದ್ದರು. ಲಿವರನ್ನು ಒತ್ತಿ ಹಿಡಿದಿದ್ದು ಬಿಟ್ಟರೆ ಅವರು ಏನನ್ನೂ ಮಾಡಿರಲಿಲ್ಲ. "ಈಗ ಏನು ಮಾಡ್ತೀಯಾ?" ಎಂದರು.

ಹರಿದ ಕರುಳು ಕಣ್ಣೆದುರು ಇದ್ದಾಗ ಸರ್ಜನ್ ಕೈ ಸುಮ್ನೆ ಇರುವುದು ಕಷ್ಟ. ನಾನು ಅನಸ್ತೀಶಿಯಾ ಡಾಕ್ಟರ್ ಕಡೆ ತಿರುಗಿದೆ. ಮೈ ಬಿಸಿ 34 ಡಿಗ್ರಿಗಿಂತ ಕೆಳಗೆ, ರಕ್ತದ ಪಿಎಚ್ 7.1, ಅಂದರೆ ಆಮ್ಲ ತುಂಬ ಏರಿತ್ತು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ರಕ್ತ ಹೋದಷ್ಟೂ ಆಮ್ಲ ಏರುತ್ತದೆ, ಆಮ್ಲ ಏರಿದಷ್ಟೂ ಹೆಪ್ಪುಗಟ್ಟುವುದು ಇನ್ನೂ ಕೆಡುತ್ತದೆ. ಮೂರೂ ಸೇರಿದರೆ ಎಂಥ ಚೆಂದದ ಹೊಲಿಗೆಯೂ ಜೀವ ಉಳಿಸದು. "ಸ್ಟೇಪ್ಲರ್ ಹಾಕಿ ಹೊರಗೆ ಹೋಗೋಣ" ಎಂದೆ. ಅವರು ತಲೆಯಾಡಿಸಿದರು. ಕರುಳಿನ ತುದಿಗಳನ್ನು ಮುಚ್ಚಿದೆ, ಜೋಡಿಸಲಿಲ್ಲ. ಹೊಟ್ಟೆ ತೆರೆದೇ ಇಟ್ಟು ವ್ಯಾಕ್ಯೂಮ್ ಡ್ರೆಸ್ಸಿಂಗ್ ಹಾಕಿದೆವು.

ಜೀವಕ್ಕೆ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಮುಂದಕ್ಕೆ ಹಾಕುವ ಇದನ್ನು ಡ್ಯಾಮೇಜ್ ಕಂಟ್ರೋಲ್ ಎನ್ನುತ್ತಾರೆ. ಅಮೆರಿಕದ ರೊಟೊಂಡೊ, ಶ್ವಾಬ್ ಮತ್ತು ಅವರ ಜೊತೆಗಾರರು 1993ರಲ್ಲಿ ಬರೆದ ಲೇಖನದಿಂದ ಈ ಹೆಸರು ಎಲ್ಲೆಡೆ ಹಬ್ಬಿತು. ಅದರಲ್ಲಿ ಅತಿ ಹೆಚ್ಚು ಗಾಯಗೊಂಡವರ ಗುಂಪಿತ್ತು: ದೊಡ್ಡ ರಕ್ತನಾಳದ ಜೊತೆಗೆ ಒಳಗಿನ ಎರಡೋ ಹೆಚ್ಚೋ ಅಂಗಗಳಿಗೆ ಪೆಟ್ಟು ಬಿದ್ದವರು. ಒಂದೇ ಸಲಕ್ಕೆ ಎಲ್ಲ ಸರಿಮಾಡಿಸಿಕೊಂಡ 9 ಜನರಲ್ಲಿ ಬದುಕಿದ್ದು ಒಬ್ಬರು. ಅರ್ಧಕ್ಕೆ ನಿಲ್ಲಿಸಿದ 13 ಜನರಲ್ಲಿ 10 ಮಂದಿ ಉಳಿದರು. ಸಣ್ಣ ಗುಂಪೇ, ಆದರೂ ನಮ್ಮ ಕೆಲಸದ ರೀತಿಯನ್ನೇ ಬದಲಿಸಿತು. ಹಾಗಂತ ಎಲ್ಲರಿಗೂ ಹೀಗೆ ಮಾಡುವಂತಿಲ್ಲ. ತೆರೆದ ಹೊಟ್ಟೆಗೆ ಅದರದೇ ಅಪಾಯಗಳಿವೆ. ತಡೆದುಕೊಳ್ಳುವ ಶಕ್ತಿ ಇರುವವನಿಗೆ ಒಂದೇ ಸಲಕ್ಕೆ ಮುಗಿಸುವುದೇ ಸರಿ.

ಹೊರಗೆ ತಾಯಿ ಕೇಳಿದ್ದು ಒಂದೇ: "ಆಪರೇಷನ್ ಮುಗೀತಾ ಡಾಕ್ಟ್ರೇ?" ಇಲ್ಲ ಎಂದರೆ ಹೆದರುತ್ತಾರೆ, ಹೌದು ಎಂದರೆ ಸುಳ್ಳು. ಅವರ ಪಕ್ಕ ಕೂತೆ. "ರಕ್ತ ನಿಲ್ಲಿಸಿದ್ದೇವೆ ಅಮ್ಮಾ. ಉಳಿದದ್ದನ್ನು ಈಗಲೇ ಮಾಡಿದರೆ ಅವನ ಮೈ ತಡೆಯಲ್ಲ. ಐಸಿಯುನಲ್ಲಿ ಬೆಚ್ಚಗೆ ಮಾಡಿ, ಸುಧಾರಿಸಿದ ಮೇಲೆ ಮತ್ತೆ ಒಳಗೆ ಕರ್ಕೊಂಡು ಹೋಗ್ತೀವಿ" ಎಂದೆ. ಹೊಟ್ಟೆ ತೆರೆದೇ ಇದೆ ಎಂಬುದನ್ನೂ ಹೇಳಿದೆ. ಐಸಿಯುಗೆ ಹೋಗಿ ತಾವಾಗಿ ನೋಡಿ ಬೆಚ್ಚಿಬೀಳುವುದಕ್ಕಿಂತ ನಮ್ಮ ಬಾಯಿಂದ ಕೇಳುವುದು ಮೇಲು. ಅವರು ಅದನ್ನೇ ತಿರುಗಿ ತಿರುಗಿ ಕೇಳಿದರು, ನಾನು ಪ್ರತಿ ಸಲವೂ ಹೇಳಿದೆ.

ಎರಡನೇ ದಿನಕ್ಕೆ ಮೈ ಬೆಚ್ಚಗಾಗಿತ್ತು, ರಕ್ತದಲ್ಲಿ ಆಮ್ಲದ ಜೊತೆ ಏರುವ ಲ್ಯಾಕ್ಟೇಟ್ ಇಳಿದಿತ್ತು. ಮಾಪ್‌ಗಳನ್ನು ನೆನೆಸಿ, ಬರೆದಿಟ್ಟ ಲೆಕ್ಕಕ್ಕೆ ಹೊಂದಿಸಿಕೊಂಡು ಒಂದೊಂದಾಗಿ ತೆಗೆದೆವು. ಲಿವರಿನಿಂದ ರಕ್ತ ಬರಲಿಲ್ಲ. ಕರುಳನ್ನು ಆಗ ಅವಸರವಿಲ್ಲದೆ ಜೋಡಿಸಿ, ಹೊಟ್ಟೆ ಮುಚ್ಚಿ, ತಾಯಿಯ ಹತ್ತಿರ ಹೋಗಿ ಆಪರೇಷನ್ ಮುಗಿಯಿತು ಎಂದೆ.